ಎಡಗೈಗೆ ಬಲಮಿದುಳು

ಕೈಗವಸಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜೋಡಿಯಕ್ಕ ಎಂದೇ ಕರೆಯುತ್ತಿದ್ದರು. ಹೊಲಿದು ಬಂದ ಗವಸುಗಳ ರಾಶಿಯಿಂದ ಎಡದ್ದೊಂದು ಬಲದ್ದೊಂದು ಆರಿಸಿ, ಬೆರಳಿಗೆ ಬೆರಳು ಹೊಂದಿಸಿ, ಮಣಿಕಟ್ಟಿನ ಹತ್ತಿರ ದಾರ ಕಟ್ಟುವುದು ಅವಳ ಕೆಲಸ. ಬೆಸುಗೆ ಹಾಕುವವರು ತೊಡುವ ದಪ್ಪ ತೊಗಲಿನ ಗವಸುಗಳು ಅವು. ಒಂದೇ ಕಡೆಯ ಎರಡು ಗವಸು ಜೋಡಿಯಾಗಿ ಹೋದರೆ ಮಾಲು ಹಿಂದಕ್ಕೆ ಬರುತ್ತದೆ, ಅದರ ಹಿಂದೆಯೇ ಬೈಗುಳವೂ ಬರುತ್ತದೆ. ಜೋಡಿಯಕ್ಕ ಕಟ್ಟಿದ್ದು ಹಾಗೆ ಬಂದದ್ದಿಲ್ಲ. ಮೇಸ್ತ್ರಿ ಒಮ್ಮೆ ಪರೀಕ್ಷೆ ಮಾಡಲೆಂದು ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಗವಸುಗಳ ನಡುವೆ ತನ್ನ ಚಪ್ಪಲಿ ಜೋಡಿಯನ್ನೂ ತುರುಕಿದ್ದ. ಅವಳು ಗವಸುಗಳನ್ನೆಲ್ಲ ಸರಿಯಾಗಿ ಬೇರೆ ಮಾಡಿ, ಕೊನೆಗೆ ಚಪ್ಪಲಿ ಸವರಿ, "ಇವೆರಡೂ ಎಡದ್ದೇ. ಯಾರದನ್ನೋ ಮೆಟ್ಕೊಂಡು ಬಂದಿದ್ದೀಯ, ಆ ಮನುಷ್ಯ ಈಗ ಕುಂಟ್ತಾ ಇರ್ತಾನೆ," ಎಂದಳು. ಅಂದಿನಿಂದ ಎಡ-ಬಲದ ವಿಷಯದಲ್ಲಿ ಅವಳೇ ಕೋರ್ಟು, ಅವಳೇ ಕಚೇರಿ.

ಅವಳ ತಮ್ಮ ಅದೇ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ ಜಾರಿಕೊಂಡು ತಲೆ ನರೆಸಿಕೊಂಡವನು. ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಒಂದೇ ಜಗಳ: ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬುದು. ಎಡ ಅಂಗೈಯಲ್ಲಿ ಅಚ್ಚನ್ನು ತೊಗಲಿನ ಮೇಲೆ ಅದುಮಿ ಹಿಡಿದು, ಬಲಗೈಯಿಂದ ಅದರ ಅಂಚಿನಗುಂಟ ಕತ್ತಿ ಎಳೆಯುವುದು ಅವನ ಕಸುಬು. ಆ ವರ್ಷ ಅಚ್ಚು ಜಾರತೊಡಗಿತು. ಹೆಬ್ಬೆರಳು ಗಿಡ್ಡವಾದ ಗವಸುಗಳು ಅವಳ ಮೇಜಿಗೆ ಬರತೊಡಗಿದವು. ಯಾವ ಊರಿನ ಕುಳ್ಳರಿಗೆ ಕತ್ತರಿಸುತ್ತಿದ್ದೀಯೋ ಎಂದು ಅವಳು ಚುಚ್ಚಿದಳು. ಮಾತಿಗೆ ಮಾತು ಕೊಡದೆ ಬಿಡದ ತಮ್ಮ ಆ ದಿನ ಎಡ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಅಚ್ಚು ಹಿಡಿದ. ಊಟದ ಹೊತ್ತಿಗೆ ಲೋಟ ಅವನ ಎಡಗೈಯಿಂದ ಜಾರಿ ಬಿತ್ತು. ಬಿದ್ದ ಲೋಟವನ್ನು ಅವನು ಬೇರೆ ಯಾರದೋ ಕೈ ಬೀಳಿಸಿದೆ ಎಂಬಂತೆ ನೋಡಿದ.

ಬೆಳಗಿನ ಹೊತ್ತು ತಲೆನೋವು ಶುರುವಾದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದರು. ತಲೆಯ ಚಿತ್ರ ತೆಗೆದರು. ನೋಡಿದವರು ಒಬ್ಬ ಡಾಕ್ಟರಮ್ಮ. ತೆಳ್ಳಗಿನ ದನಿ, ಗಿಡ್ಡ ಕೂದಲು, ಮಾತಾಡುವಾಗ ಕೈಯಲ್ಲಿ ಪೆನ್ನು ತಿರುಗಿಸುವ ಅಭ್ಯಾಸ. ಮಿದುಳಿನ ಹೊದಿಕೆಗೆ ಅಂಟಿಕೊಂಡು ಒಂದು ಗಂಟು ಬೆಳೆದಿದೆ, ಜಾತಿ ಕೆಟ್ಟದ್ದಲ್ಲ, ಕೂತ ಜಾಗ ಕೆಟ್ಟದ್ದು ಎಂದರು. ಕೈಯನ್ನು ಆಡಿಸುವ ಭಾಗದ ಮೇಲೆಯೇ ಅದು ಕೂತಿತ್ತು. ತಲೆಬುರುಡೆಯ ಒಂದು ತುಂಡನ್ನು ಮುಚ್ಚಳದ ಹಾಗೆ ತೆಗೆಯುತ್ತಾರಂತೆ. ಗಂಟನ್ನು ಸೂಕ್ಷ್ಮದರ್ಶಕದ ಕೆಳಗೆ ಎಳೆ ಎಳೆಯಾಗಿ ಬಿಡಿಸಿ, ಆ ತುಂಡನ್ನೇ ಪುಟ್ಟ ಲೋಹದ ಪಟ್ಟಿ, ತಿರುಪುಗಳಿಂದ ಮತ್ತೆ ಕೂರಿಸುತ್ತಾರಂತೆ. ನಡುನಡುವೆ ಮಿದುಳಿಗೆ ಕೂದಲೆಳೆಯಷ್ಟು ವಿದ್ಯುತ್ತು ಮುಟ್ಟಿಸಿದರೆ ರೋಗಿ ನಿದ್ದೆಯಲ್ಲಿದ್ದರೂ ಬೆರಳು ಮಿಡಿಯುತ್ತದೆ, ಎಲ್ಲಿ ಮುಟ್ಟಬಾರದು ಎಂದು ಬೆರಳೇ ಹೇಳುತ್ತದೆ ಎಂದರು. ಗಂಟನ್ನು ಹಾಗೇ ಬಿಟ್ಟರೆ ಕೈ ಹೋಗುತ್ತದೆ, ಆಮೇಲೆ ಕಾಲು.

ತಮ್ಮ ಅಕ್ಕನ ಕಡೆ ತಿರುಗಿದ. "ನನ್ನ ತಲೇಲಿ ಏನೂ ಇಲ್ಲ ಅಂತ ಚಿಕ್ಕಂದಿನಿಂದ ಅಂತಿದ್ದೆಯಲ್ಲ. ಈಗ ನೋಡು."

ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದರು. ಬೆಳಕಿನ ಪೆಟ್ಟಿಗೆಯ ಮೇಲೆ ತೂಗುಹಾಕಿದ್ದ ಚಿತ್ರವನ್ನೇ ನೋಡುತ್ತಿದ್ದ ಜೋಡಿಯಕ್ಕನಿಗೆ ಅದರಲ್ಲಿ ಅರ್ಧವೂ ಕೇಳಿಸಲಿಲ್ಲ. ಬೂದು ಬಣ್ಣದ ತಲೆಯೊಳಗೆ ಒಂದು ಬಿಳಿ ಉಂಡೆ. ಅದು ಚಿತ್ರದ ಎಡಗಡೆ ಇತ್ತು. ಎಡಗೈಗೆ ಕೇಡು, ತಲೆಯಲ್ಲೂ ಎಡಗಡೆಯೇ ಗಂಟು. ಅವಳಿಗೆ ಅಷ್ಟು ಸಾಕಾಗಿತ್ತು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ತಮ್ಮನ ತಲೆ ಪೂರ್ತಿ ಬೋಳಿಸಿದರು. ಡಾಕ್ಟರಮ್ಮ ಬಂದು, ನೇರಳೆ ಬಣ್ಣದ ಪೆನ್ನಿನಿಂದ ಕಿವಿಯ ಮೇಲ್ಗಡೆ ಒಂದು ಬಾಣ ಬರೆದು, ಯಾರೋ ಕರೆದರೆಂದು ಅವಸರದಲ್ಲಿ ಹೋದರು. ಸಾರು ತರಲು ಹೋಗಿದ್ದ ಜೋಡಿಯಕ್ಕ ಹಿಂದಿರುಗಿ ನೋಡುತ್ತಾಳೆ, ಬಾಣ ಬಲಗಿವಿಯ ಮೇಲಿದೆ.

ಅವಳು ಸುತ್ತಿ ಬಂದು ನೋಡಿದಳು. ತಮ್ಮನ ತಲೆಯ ಹಿಂದೆ ನಿಂತು ನೋಡಿದಳು. ಹೇಗೆ ನೋಡಿದರೂ ಅದು ಬಲವೇ. ಆದರೂ ದುಡುಕುವ ಹೆಂಗಸಲ್ಲ ಅವಳು. ಮಾತ್ರೆ ಕೊಡಲು ಬಂದ ದಾದಿಯನ್ನು ತಡೆದು, ನನ್ನ ತಮ್ಮನದು ಎಡಗಡೆ ತಾನೇ ಎಂದು ಕೇಳಿದಳು. ದಾದಿ ಕೈಯಲ್ಲಿದ್ದ ಹಾಳೆ ನೋಡಿ, "ಹೌದಮ್ಮ, ಎಡಗಡೆ. ನಮಗೆ ಗೊತ್ತಿದೆ, ನೀವು ಮಲಗಿ," ಎಂದಳು. ದಾದಿ ಹೇಳಿದ್ದು ಕೈಯನ್ನು. ಜೋಡಿಯಕ್ಕನಿಗೆ ಕೇಳಿಸಿದ್ದು ತಲೆ.

ಬೆಳಗಾಗುವ ಹೊತ್ತಿಗೆ ಅವಳ ಕಣ್ಣು ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಬಿತ್ತು. ಡಾಕ್ಟರಮ್ಮನ ನೇರಳೆ ಪೆನ್ನು ಅಲ್ಲೇ ಇತ್ತು. ಪೆನ್ನನ್ನೇ ಮರೆತು ಹೋದ ಪುಣ್ಯಾತ್ಗಿತ್ತಿ ಕಡೆಯನ್ನು ಮರೆತಿರಲಾರಳೇ? ಇಷ್ಟೊಂದು ತಲೆಗಳನ್ನು ನೋಡುವವರು, ಪಾಪ. ಕೂಗಾಡಿ ಅವರ ಮಾನ ಕಳೆಯುವುದು ಅವಳಿಗೆ ಬೇಡವಾಗಿತ್ತು. ತಪ್ಪಿದ ಗವಸನ್ನು ಅವಳು ಎಂದಾದರೂ ಮೇಸ್ತ್ರಿಯ ಬಳಿಗೆ ಒಯ್ದದ್ದುಂಟೇ? ಸುಮ್ಮನೆ ಬದಲಾಯಿಸಿ ಇಡುವುದು. ಕೈ ತೊಳೆಯಲು ಇಟ್ಟಿದ್ದ ಸ್ಪಿರಿಟ್ಟಿನಲ್ಲಿ ಸೆರಗಿನ ತುದಿ ಅದ್ದಿ, ಬಲಗಡೆಯ ಬಾಣವನ್ನು ತಾಳ್ಮೆಯಿಂದ ಉಜ್ಜಿ ಉಜ್ಜಿ ತೆಗೆದಳು. ಎಡಗಡೆ, ಕಿವಿಯಿಂದ ಅಷ್ಟೇ ಎತ್ತರದಲ್ಲಿ, ಅಷ್ಟೇ ಉದ್ದದ ಬಾಣ ಬರೆದಳು.

ತಮ್ಮ ಅರೆನಿದ್ದೆಯಲ್ಲಿದ್ದ. "ಏನ್ ಮಾಡ್ತಿದ್ದೀಯ ಅಕ್ಕ?"

"ಸರಿ ಮಾಡ್ತಿದ್ದೀನಿ. ಯಾರಾದ್ರೂ ಯಾವ ಕಡೆ ಅಂತ ಕೇಳಿದ್ರೆ ಎಡ ಅನ್ನು."

ಅವನಿಗೆ ಮಂಪರಿನ ಸೂಜಿ ಕೊಟ್ಟು ಗಾಲಿಮಂಚದಲ್ಲಿ ಒಳಗೆ ಕರೆದೊಯ್ದರು. ಜೋಡಿಯಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ಮನಸ್ಸು ಹಗುರಾಗಿತ್ತು. ಪಕ್ಕದಲ್ಲಿ ಲಾರಿ ಓಡಿಸುವವನೊಬ್ಬ ಕೂತಿದ್ದ. ಅವನ ತಾಯಿ ಒಳಗಿದ್ದಳು. ಮಾತಿಗೆ ಮಾತು ಬೆಳೆಯಿತು. ತಾಯಿಯ ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತೂ ನಿಂತಿದೆ, ತಲೆಯ ಎಡಗಡೆ ರಕ್ತ ಹೆಪ್ಪುಗಟ್ಟಿದೆ ಎಂದು ಅವನು ಹೇಳಿಕೊಂಡ. ಜೋಡಿಯಕ್ಕ ಅವನನ್ನು ತಿದ್ದಿದಳು: ಬಲಗೈ ಹೋಗಿದ್ದರೆ ಬಲಗಡೆಯೇ ಆಗಿರಬೇಕು.

"ಇಲ್ಲಮ್ಮ, ನಾನೂ ಹಂಗೇ ಅಂದ್ಕೊಂಡಿದ್ದೆ. ಅಡ್ಡ ದಾಟುತ್ತಂತೆ. ಮಿದುಳಿಂದ ಇಳಿಯೋ ನರಗಳು ಕತ್ತಿನ ಹತ್ತಿರ ಆ ಕಡೆಯದು ಈ ಕಡೆ, ಈ ಕಡೆಯದು ಆ ಕಡೆ. ಎಡಮಿದುಳಿಗೆ ಬಲಗೈ."

"ನಿಮ್ಮ ತಾಯಿಗಾ?"

"ಎಲ್ಲರಿಗೂ ಅಂತೆ. ನಿಮಗೂ, ನನಗೂ."

ಜೋಡಿಯಕ್ಕ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಗವಸನ್ನು ಒಳಗನ್ನು ಹೊರಗೆ ಮಾಡಿ ಹೊಲಿಯುತ್ತಾರೆ. ಹೊಲಿಯುವಾಗ ಎಡದ್ದರಂತೆ ಕಾಣುವುದನ್ನು ಮಗುಚಿದರೆ ಬಲದ್ದಾಗುತ್ತದೆ. ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಇದನ್ನು ಹೇಳಿಕೊಟ್ಟವಳೇ ಅವಳು. ಮನುಷ್ಯನನ್ನೂ ದೇವರು ಹಾಗೇ ಮಗುಚಿದ್ದಾನೆಯೇ? ಹಾಗಾದರೆ ಬಾಣ ಬಲಕ್ಕೇ ಇರಬೇಕಿತ್ತು. ಆದರೆ ಚಿತ್ರದಲ್ಲಿ ಉಂಡೆ ಎಡಕ್ಕಿತ್ತು, ಕಣ್ಣಾರೆ ಕಂಡಿದ್ದಾಳೆ. ಲಾರಿಯವನ ಮಾತು ನಿಜವಾದರೆ ಚಿತ್ರ ಸುಳ್ಳಾಗಬೇಕು, ಚಿತ್ರ ನಿಜವಾದರೆ ಲಾರಿಯವನು. ದಾದಿಯೂ ಎಡ ಎಂದಿದ್ದಳಲ್ಲ? ಎಡ, ಬಲ, ಬಲ, ಎಡ ಎಂದು ಬೆರಳು ಮಡಚುತ್ತ ಹೋದಂತೆ ತನ್ನ ಯಾವ ಕೈ ಯಾವುದೆಂದೇ ಒಂದು ಗಳಿಗೆ ಅವಳಿಗೆ ತಿಳಿಯದಾಯಿತು. ಜೀವಮಾನದಲ್ಲಿ ಹಾಗಾದದ್ದು ಅದೇ ಮೊದಲು.

ತಪ್ಪು ಮಾಡಿದೆ ಎಂದು ಗೊತ್ತಾಗಿ ಅವಳು ಎದ್ದದ್ದಲ್ಲ. ಏನೂ ಗೊತ್ತಾಗದೆ ಎದ್ದಳು. ಗೊತ್ತಿಲ್ಲದವಳ ಕೈ ಗುರುತು ತಮ್ಮನ ತಲೆಯ ಮೇಲಿದೆ ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು.

ಬಾಗಿಲು ಕಾಯುವವನು ತಡೆದ. ಒಳಗೆ ಬಿಡುವ ಹಾಗಿಲ್ಲ, ಏನಿದ್ದರೂ ಆಮೇಲೆ ಎಂದ. ಆಮೇಲೆ ಆಗುವ ಮಾತಲ್ಲಪ್ಪ ಎಂದು ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಅಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮನೇ ಬಂದರು, ತಲೆಗೆ ಟೋಪಿ, ಬಾಯಿಯ ಬಟ್ಟೆ ಕತ್ತಿಗೆ ಇಳಿದಿತ್ತು. ಅವರೂ ಯಾರನ್ನೋ ಹುಡುಕುವವರಂತೆ ಕಂಡರು.

"ನಿನ್ನೆ ಹಾಕಿದ್ದ ಗುರುತು ಅಳಿಸಿ ಇನ್ನೊಂದು ಕಡೆ ಹಾಕಿದೋಳು ನಾನೇ," ಎಂದಳು ಜೋಡಿಯಕ್ಕ. "ಎಡ ಅನ್ನು ಅಂತ ಅವನಿಗೆ ಹೇಳಿಕೊಟ್ಟೋಳೂ ನಾನೇ. ಯಾವುದು ಸರಿ ಅಂತ ಈಗ ನಂಗೆ ಗೊತ್ತಿಲ್ಲ."

ಡಾಕ್ಟರಮ್ಮ ಗೋಡೆಗೆ ಒರಗಿದರು.

"ಒಳಗೆ ಕೇಳಿದಾಗ ನಿಮ್ಮ ತಮ್ಮ ಎಡ ಅಂದ. ಗುರುತೂ ಎಡ ಅಂತು. ಚಿತ್ರ ಒಂದೇ ಬಲ ಅಂತಿರೋದು. ಮೂರೂ ಒಂದೇ ಹೇಳೋವರೆಗೆ ನಾನು ಕತ್ತಿ ಮುಟ್ಟಲ್ಲ ಅಮ್ಮ. ಆದ್ರೆ ನಿನ್ನೆ ಬಲಕ್ಕೆ ಬರೆದದ್ದು ಕನಸಾ ಅಂತ ಒಂದು ಗಳಿಗೆ ನಂಗೇ ಅನುಮಾನ ಬಂತು. ಅದು ನಂಗೆ ಹೊಸದು."

ಚಿತ್ರದ ವಿಷಯ ಅವಳು ಕೇಳಿಯೇ ಬಿಟ್ಟಳು. ಡಾಕ್ಟರಮ್ಮ ಅವಳ ಎದುರಿಗೆ ನಿಂತು ತಮ್ಮದೇ ಬಲಗೈ ಎತ್ತಿ, ಇದು ನಿಮಗೆ ಯಾವ ಕಡೆ ಕಾಣುತ್ತದೆ ಎಂದರು. ಅವಳ ಎಡಗಡೆಗೆ ಕಾಣುತ್ತಿತ್ತು. ಚಿತ್ರವೂ ಹಾಗೆಯೇ, ಮನುಷ್ಯ ಎದುರಿಗೆ ನಿಂತ ಹಾಗೆ. ಅದರ ಎಡ ಅವನ ಬಲ, ಅವನ ತಲೆಯ ಬಲ ಅವನ ಕೈಯ ಎಡ. ಜೋಡಿಯಕ್ಕ ತಲೆಯಾಡಿಸಿದಳು. ತಿಳಿಯಿತು ಎಂದಲ್ಲ, ಸಾಕು ಎಂದು.

ಆ ದಿನ ಬೇಡ ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ಒಳಗಿದ್ದವರ ಮನಸ್ಸೆಲ್ಲ ಕದಡಿತ್ತು. ಕದಡಿದ ಮನಸ್ಸಿನಲ್ಲಿ ತಲೆ ತೆರೆಯುವುದಿಲ್ಲ ಎಂದರು. ಮರುದಿನ ಶಸ್ತ್ರಚಿಕಿತ್ಸೆಯ ಕೋಣೆ ಬೇರೆಯವರಿಗೆ ಗೊತ್ತುಮಾಡಿಯಾಗಿತ್ತು, ಅದರ ಮರುದಿನಕ್ಕೆ ಇಟ್ಟರು. ಗಾಲಿಮಂಚದಲ್ಲಿ ಹಿಂದಕ್ಕೆ ಬಂದ ತಮ್ಮ ಮಂಪರಿನಲ್ಲೇ ತಲೆ ಸವರಿಕೊಂಡು, "ಮುಗೀತಾ? ಏನೂ ಗೊತ್ತೇ ಆಗ್ಲಿಲ್ಲ. ಭಾರೀ ಕೈಗುಣ," ಎಂದು ಮತ್ತೆ ನಿದ್ದೆಹೋದ.

ಎಚ್ಚರವಾದ ಮೇಲೆ ಅವಳು ಎಲ್ಲ ಹೇಳಿದಳು. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಮರುದಿನ ಮಧ್ಯಾಹ್ನ ಅನ್ನಿಸಿತು. ಊಟಕ್ಕೆ ಕೂತವನ ಎಡಗೈ ತಾನಾಗಿ ಅದುರತೊಡಗಿ, ಅದುರು ತೋಳಿಗೆ ಏರಿ, ಮುಖಕ್ಕೆ ಏರಿ, ಅವನು ಮಂಚದ ಮೇಲೆ ಸೆಟೆದುಕೊಂಡ. ದಾದಿಯರು ಓಡಿಬಂದರು. ಅದು ನಿಂತ ಮೇಲೆ ನೋಡಿದರೆ, ಅಷ್ಟಿಷ್ಟು ಆಡುತ್ತಿದ್ದ ಎಡಗೈ ಪೂರ್ತಿ ಸೋತು ಬಿದ್ದಿತ್ತು. ಗಂಟು ಮಿದುಳನ್ನು ಕೆರಳಿಸಿದ್ದು, ಇಂಥದ್ದು ಆಗುವುದುಂಟು ಎಂದರು. ಹಿಂದಿನ ದಿನವೇ ಗಂಟು ತೆಗೆದಿದ್ದರೆ ಆಗುತ್ತಿತ್ತೇ ಎಂದು ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆ ಸಂಜೆ ಡಾಕ್ಟರಮ್ಮ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಬಲಗಿವಿಯ ಮೇಲೆ ಬಾಣ ಬರೆದರು. ಪೆನ್ನನ್ನು ನೆನಪಿಟ್ಟು ಜೇಬಿಗೆ ಹಾಕಿಕೊಂಡರು. ಬೆಳಗ್ಗೆ ಒಳಗೆ ಒಯ್ದರು; ಈ ಸಲ ಅವನು ತಲೆಗೆ ಬಲ, ಕೈಗೆ ಎಡ ಎಂದು ಮಗ್ಗಿ ಹೇಳುವ ಮಗುವಿನಂತೆ ಹೇಳುತ್ತಲೇ ಹೋದ. ಹೊತ್ತು ಇಳಿದ ಮೇಲೆ ಡಾಕ್ಟರಮ್ಮ ಬಂದು, ಗಂಟು ಪೂರ್ತಿ ಬಂತು, ವಿದ್ಯುತ್ತು ಮುಟ್ಟಿಸಿದಾಗ ಬೆರಳುಗಳು ಚೆನ್ನಾಗಿ ಉತ್ತರ ಕೊಟ್ಟವು ಎಂದರು.

ಆದರೆ ತಮ್ಮ ಕಣ್ಣು ಬಿಟ್ಟಾಗ ಎಡಗೈ ಅಲ್ಲಾಡಲಿಲ್ಲ. ಜೋಡಿಯಕ್ಕನ ಹಳೆಯ ಗೊಂದಲವೆಲ್ಲ ಮತ್ತೆ ಎದ್ದಿತು. ನಿದ್ದೆಯಲ್ಲಿ ಮಿಡಿದ ಬೆರಳು ಎಚ್ಚರದಲ್ಲಿ ಯಾಕೆ ಸುಮ್ಮನಿದೆ? ಪಟ್ಟಿಯ ಸುತ್ತುಗಳ ಕೆಳಗೆ ಯಾವ ಕಡೆ ಕೊಯ್ದಿದ್ದಾರೋ ಎಂದು ತಮ್ಮನ ತಲೆಯನ್ನು ನೋಡುತ್ತ ಕೂತಳು. ಮಿದುಳು ಬಾತಿದೆ, ಬಾವು ಇಳಿಯಬೇಕು, ಕಾಯಿರಿ ಎಂದರು. ಅವಳು ಕಾದಳು. ವ್ಯಾಯಾಮ ಮಾಡಿಸಲು ಬರುವವಳಿಂದ ಕಲಿತು, ಸತ್ತಂತಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತ ಹೋದಳು.

ಒಂದು ಬೆಳಗ್ಗೆ ಅವಳು ಮಂಚದ ಕಾಲಬಳಿ ಹೊದಿಕೆ ಸರಿಮಾಡುತ್ತಿದ್ದಾಗ ಅವನ ಬೆರಳು ಮಡಚಿದ್ದು ಕಂಡಿತು. ಅವಳು ನಂಬಲಿಲ್ಲ. ಎದುರಿಗೆ ನಿಂತು ನೋಡಿದ್ದನ್ನು ನಂಬಿ ಒಮ್ಮೆ ಕೆಟ್ಟಿದ್ದಳು. ಮಂಚ ಸುತ್ತಿ ಅವನ ತಲೆಯ ಹತ್ತಿರ ಬಂದಳು. ಗೋಡೆಗೆ ಬೆನ್ನು ಕೊಟ್ಟು, ಅವನು ನೋಡುವ ಕಡೆಗೇ ಮುಖ ಮಾಡಿ, ತನ್ನ ಎಡಗೈಯನ್ನು ಅವನ ಕೈಯ ನೇರಕ್ಕೆ ಚಾಚಿ ಹಿಡಿದು, "ಇನ್ನೊಂದ್ಸಲ," ಎಂದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಡಚಿದವು. ಎಡವೇ. ಉಳಿದೆರಡು ಹಾಗೇ ಇದ್ದವು.

ಆ ಎರಡು ಬೆರಳಿನ ಮಾತನ್ನು ಅವಳು ಕೊನೆಗೂ ಡಾಕ್ಟರಮ್ಮನ ಬಳಿ ಕೇಳಿದಳು. "ನಾನು ಗುರುತು ಮುಟ್ಟದೆ ಇದ್ದಿದ್ರೆ ಅವೂ ಆಡ್ತಿದ್ವಾ?"

ಡಾಕ್ಟರಮ್ಮ ಪೆನ್ನು ತಿರುಗಿಸುವುದನ್ನು ನಿಲ್ಲಿಸಿದರು. "ಆಡ್ತಿದ್ವೇನೋ. ಆಡ್ತಿರಲಿಲ್ವೇನೋ. ನಿಜವಾಗ್ಲೂ ಹೇಳೋಕಾಗಲ್ಲ ಅಮ್ಮ."

ಎರಡರಲ್ಲಿ ಒಂದನ್ನು ಆರಿಸಿ ಬದುಕಿದವಳು ಅವಳು. ಎರಡೂ ಅಲ್ಲದ್ದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಡಾಕ್ಟರಮ್ಮ ಹೋದ ಮೇಲೆ ತಮ್ಮನ ಪಕ್ಕದಲ್ಲಿ ಕೂತು, ಆಡದ ಬೆರಳುಗಳನ್ನು ಕೈಗೆತ್ತಿಕೊಂಡಳು. ಅವನು ಸೂರು ನೋಡುತ್ತಲೇ ಹೇಳಿದ: "ಅವತ್ತು ಎಡ ಅಂದೆನಲ್ಲ, ನೀನು ಹೇಳಿಕೊಟ್ಟೆ ಅಂತ ಅಲ್ಲ. ನಂಗೂ ಹಾಗೇ ಅನ್ನಿಸಿತ್ತು ಅಕ್ಕ."

ಅದು ನಿಜವೋ, ಅವಳಿಗೋಸ್ಕರ ಹೇಳಿದ್ದೋ ಅವಳಿಗೆ ಗೊತ್ತಾಗಲಿಲ್ಲ. ಕಿರುಬೆರಳನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.