ನಿಮ್ಮ ವಯಸ್ಸು ನಮಗೆ ಬೇಕಿತ್ತು

ರುಕ್ಮಿಣಕ್ಕ, ತಿರುವೊಟ್ಟಿಯೂರಿನ ಈಜು ಕ್ಲಬ್ಬಿನವರು ನಿಮ್ಮನ್ನು ಕೈಬಿಟ್ಟರು ಎಂದು ನಾನು ಹೇಳಿದ್ದು ಸುಳ್ಳು. ಅವರು ಬಿಟ್ಟಿರಲಿಲ್ಲ. ನಿಮ್ಮನ್ನು ಅಲ್ಲಿಂದ ನಮ್ಮ ಕಡೆಗೆ ಎಳೆಯಲು ನಾನೇ ಕಟ್ಟಿದ ಮಾತು ಅದು. ಇದನ್ನು ಬರೆಯಲು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ — ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ.

ನಾವು ಮೊದಲು ಸಿಕ್ಕಿದ್ದು ಹಿರಿಯರ ಈಜು ಸ್ಪರ್ಧೆಯ ದಿನ, ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ. ನೀವು ಒದ್ದೆ ಜಡೆ ಬಿಚ್ಚಿಕೊಂಡು, "ಈ ಹಾಳು ಪಿನ್ನು ಎಲ್ಲಿ ಬಿತ್ತೋ" ಎಂದು ಗೊಣಗುತ್ತಿದ್ದಿರಿ. ಸುತ್ತ ಎಲ್ಲ ತಮಿಳು, ನಡುವೆ ಅದೊಂದು ಕನ್ನಡದ ಗೊಣಗಾಟ. "ಅಯ್ಯೋ, ನೀವು ನಮ್ಮೋರಾ?" ಅಂದೆ. ನೀವು ನನ್ನ ಕೈ ಹಿಡಿದುಕೊಂಡಿರಿ. ಯಜಮಾನರು ರೈಲ್ವೆಯಲ್ಲಿದ್ದದ್ದು, ಅವರು ಹೋದ ಮೇಲೆ ಮನೆಯಲ್ಲಿ ಕನ್ನಡ ಆಡುವವರೇ ಇಲ್ಲದ್ದು, ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು — ಎಲ್ಲ ಹೇಳಿದಿರಿ. ನನಗಾದ ಸಂತೋಷ ನಿಜವಾದದ್ದು ಎಂದು ಈಗಲೂ ನಂಬಬೇಕು ಅನ್ನಿಸುತ್ತದೆ. ಆದರೆ ನಿಮ್ಮ ಮಾತು ಮುಗಿಯುವ ಮೊದಲೇ ನಾನು ಕೇಳಿದ ಪ್ರಶ್ನೆ ಒಂದೇ: "ಅಕ್ಕಾ, ನಿಮಗೆಷ್ಟು ವಯಸ್ಸು?"

ಯಾಕೆ ಕೇಳಿದೆ ಎಂದು ನಿಮಗೆ ಆಗ ಹೊಳೆಯಲಿಲ್ಲ. ನಾಲ್ವರು ಒಬ್ಬರಾದ ಮೇಲೆ ಒಬ್ಬರು ಈಜುವ ನಮ್ಮ ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿಸಿ ಗುಂಪು ಮಾಡುತ್ತಾರೆ. ಮೊತ್ತ ಹೆಚ್ಚಾದಷ್ಟೂ ಎದುರಾಳಿಗಳು ಕಡಿಮೆ. ತಂಡದ ಲೆಕ್ಕಕ್ಕೆ ರಿಲೇಯ ಅಂಕ ಎರಡರಷ್ಟು. ವೇಲಚೇರಿ ಕ್ಲಬ್ಬಿನ ನಾವು ಮೂವರು ಐವತ್ತರ ಆಸುಪಾಸಿನವರು, ಚುರುಕಾಗಿಯೇ ಈಜುತ್ತಿದ್ದೆವು. ಆದರೂ ನಾಲ್ಕನೆಯವರಾಗಿ ಯಾರನ್ನು ಸೇರಿಸಿಕೊಂಡರೂ ನಮ್ಮ ಗುಂಪಿನಲ್ಲಿ ಪ್ರತಿ ಸಲ ಒಂದು ದೊಡ್ಡ ಕ್ಲಬ್ಬಿನ ಕೈಯಲ್ಲಿ ಸೋಲು. ಎಪ್ಪತ್ತು ದಾಟಿದ ಒಬ್ಬರು ಸಿಕ್ಕಿದರೆ ಸಾಕು, ಮೇಲಿನ ಗುಂಪಿಗೆ ಹಾರಿಬಿಡಬಹುದು. ಅವರು ಮುಳುಗದೆ ಆಚೆ ದಡ ಮುಟ್ಟಿದರಾಯಿತು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಹೀಗೇ ಅಂದುಕೊಂಡಿದ್ದೆವು, ನಗುತ್ತಾ. "ನಿಮ್ಮ ಈಜು ನಮಗೆ ಬೇಕು ಅಕ್ಕಾ" ಎಂದು ಎಷ್ಟು ಸಲ ಹೇಳಿದೆ ನಾನು! ನಿಮ್ಮ ಈಜಲ್ಲ, ನಿಮ್ಮ ವಯಸ್ಸು ನಮಗೆ ಬೇಕಿತ್ತು.

ನೀವು ಒಪ್ಪಲಿಲ್ಲ. ಅರವತ್ತರ ಮೇಲೆ ನಿಮ್ಮನ್ನು ನೀರಿಗಿಳಿಸಿದವಳು ಸೆಲ್ವಿ, ಮೀನುಗಾರರ ಮನೆಯ ಹುಡುಗಿ, ಆ ಪುಟ್ಟ ಕ್ಲಬ್ಬಿನ ಕೋಚು. ನೀವು ಬಿಟ್ಟರೆ ಅಲ್ಲಿ ಉಳಿಯುವವರು ಮೂವರೇ, ರಿಲೇಗೆ ತಂಡವೇ ಇಲ್ಲ. "ಅವಳನ್ನ ಬಿಟ್ಟು ಹೆಂಗಮ್ಮ ಬರ್ಲಿ" ಅಂದಿರಿ. ಅಂದು ನಿಮ್ಮನ್ನು ಊಟಕ್ಕೆ ಕರೆದಿದ್ದೆ. ಹುಳಿ ಬಡಿಸುತ್ತಾ, ಕಣ್ಣು ಪಾತ್ರೆಯಲ್ಲೇ ಇಟ್ಟುಕೊಂಡು ನಾನು ಹೇಳಿದೆ:

"ಈ ಸಲ ಅವರು ನಿಮ್ಮನ್ನ ಸೇರಿಸಿಕೊಳ್ಳಲ್ವಂತೆ ಅಕ್ಕಾ. ವಯಸ್ಸಾಯ್ತು, ಸಾಕು ಅಂದ್ರಂತೆ."

"ಸೆಲ್ವಿನಾ ಹಂಗಂದಿದ್ದು?"

ನಾನು ಹೂಂ ಅಂದೆ. ನೀವು ಅನ್ನ ಕಲಸುತ್ತಲೇ ಇದ್ದಿರಿ, ತುತ್ತು ಎತ್ತಲಿಲ್ಲ. ಆಮೇಲೆ, "ಹೋಗ್ಲಿ ಬಿಡು. ಎಷ್ಟು ದಿನ ಅಂತ ಹೊರ್ತಾಳೆ" ಅಂದಿರಿ. ಆಗಲಾದರೂ ನಾನು...

ನಿಯಮ ಒಂದನ್ನೂ ಮುರಿಯಲಿಲ್ಲ. ಒಂದು ಋತುವಿಗೆ ಒಂದೇ ಕ್ಲಬ್ಬು, ಬದಲಾಯಿಸುವುದಿದ್ದರೆ ಮೊದಲೇ ಬದಲಾಯಿಸಬೇಕು — ಎಲ್ಲ ಕ್ರಮವಾಗಿಯೇ ಮಾಡಿಸಿದೆ. ಯಾರು ಯಾವ ಕ್ಲಬ್ಬಿನವರು ಎಂದಷ್ಟೇ ಅಲ್ಲಿ ಕೇಳುತ್ತಾರೆ. ಹೇಗೆ ಬಂದರು ಎಂದು ಕೇಳುವುದಿಲ್ಲ.

ಬೀಚ್ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ಆ ಮಂಡಿನೋವಿನಲ್ಲಿ ನೀವು ವೇಲಚೇರಿಗೆ ಬರುತ್ತಿದ್ದಿರಿ. ನಮ್ಮ ಮೂವರಿಗೂ ಚಕ್ಕುಲಿ ತರುತ್ತಿದ್ದಿರಿ. ನಾವು ಗೆದ್ದೆವು. ತಿರುವೊಟ್ಟಿಯೂರಿನ ಮೂವರು ಅಂದು ರಿಲೇ ಇಲ್ಲದೆ ಗ್ಯಾಲರಿಯ ಮೆಟ್ಟಿಲ ಮೇಲೆ ಕೂತಿದ್ದರು. ಸೆಲ್ವಿ ಇಳಿದು ಬಂದು, "ಅಕ್ಕಾ, ನಲ್ಲಾ ಇರುಕ್ಕೀಂಗಳಾ?" ಎಂದು ನಿಮ್ಮ ಯೋಗಕ್ಷೇಮ ಕೇಳಿದಳು. ನೀವು ಮುಖ ತಿರುಗಿಸಿದಿರಿ. ನಿಮ್ಮಿಬ್ಬರ ನಡುವೆ ನಿಮ್ಮ ಟವೆಲ್ ಹಿಡಿದುಕೊಂಡು ನಿಂತಿದ್ದವಳು ನಾನು. ಒಂದು ಮಾತು ಸಾಕಿತ್ತು. ಕಪ್ ಕೊಡಲು ಕರೆದರು, ಹೋದೆ.

ಮರುವರ್ಷ ಎಂಬತ್ತು ದಾಟಿದವರೊಬ್ಬರು ನಮ್ಮ ಕ್ಲಬ್ಬಿಗೆ ಸೇರಿದರು. ಇನ್ನೂ ಮೇಲಿನ ಗುಂಪಿಗೆ ಹೋಗಲು ನಿಮ್ಮ ವಯಸ್ಸು ಸಾಲಲಿಲ್ಲ ಅಕ್ಕಾ. ಅದನ್ನು ಹೇಳಲು ನಾಚಿಕೆಯಾಗಿ ನಾನು ಏನು ಹೇಳಿದೆ, ನೆನಪಿದೆಯಾ? "ನಿಮಗೂ ವಯಸ್ಸಾಯ್ತಲ್ವಾ, ಸಾಕು, ರೆಸ್ಟ್ ತಗೊಳ್ಳಿ." ಸೆಲ್ವಿಯ ಬಾಯಲ್ಲಿ ನಾನು ತುರುಕಿದ ಅದೇ ಮಾತು. ನೀವು ತಲೆಯಾಡಿಸಿ ಹೋದಿರಿ. ಆಮೇಲೆ ನಮ್ಮ ಕೊಳಕ್ಕೂ ಬರಲಿಲ್ಲ, ಅವಳ ಕೊಳಕ್ಕೂ ಹೋಗಲಿಲ್ಲ.

ಮೊನ್ನೆ ತಿರುವೊಟ್ಟಿಯೂರಿಗೆ ಹೋಗಿ ಸೆಲ್ವಿಗೆ ಎಲ್ಲ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. ಇಷ್ಟು ವರ್ಷ ಅವಳು ಬೇರೆಯೇ ಅಂದುಕೊಂಡಿದ್ದಳು: ಅಕ್ಕನಿಗೆ ಅವರ ಭಾಷೆಯವರು ಸಿಕ್ಕಿದರು, ಹೋದರು, ನಾನು ಯಾವ ಬಾಯಲ್ಲಿ ತಡೆಯಲಿ ಎಂದು. ನೀವು ಅವಳು ಬಿಟ್ಟಳು ಅಂದುಕೊಂಡಿರಿ, ಅವಳು ನೀವು ಬಿಟ್ಟಿರಿ ಅಂದುಕೊಂಡಳು. ಒಂದೇ ಬೀದಿಯಾಚೆ ಇದ್ದುಕೊಂಡು ಇಬ್ಬರೂ ಮಾತಿಲ್ಲದೆ ಕಳೆದಿರಿ.

ಕ್ಷಮೆ ಕೇಳಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ. ನಮ್ಮ ಕ್ಲಬ್ಬಿನವರಿಗೂ ನಿಜ ಹೇಳಿಯಾಗಿದೆ. ಭಾನುವಾರ ಬೆಳಿಗ್ಗೆ ಸೆಲ್ವಿಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಇದಿಷ್ಟನ್ನೂ ಬಾಗಿಲಲ್ಲೇ ನಿಂತು ನಿಮ್ಮ ಎದುರು ಮತ್ತೆ ಹೇಳುತ್ತೇನೆ, ತಮಿಳಿನಲ್ಲಿ, ಅವಳಿಗೂ ಒಂದೊಂದು ಮಾತೂ ತಿಳಿಯುವ ಹಾಗೆ. ನಿಮ್ಮ ಜೊತೆ ಕನ್ನಡ ಆಡಿ ನಾನು ಮಾಡಿದ್ದು ಸಾಕು. ಆಮೇಲೆ ನೀವಿಬ್ಬರೂ ಕೂತು ಮಾತಾಡಿ. ನಾನು ಒಳಗೆ ಬರುವುದಿಲ್ಲ.