ಹೆಂಗನ್ಸುತ್ತೆ?

ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಓದುವಾಗಿನ ನನ್ನ ರೂಮ್‌ಮೇಟ್ ಆಪ್ತಸಮಾಲೋಚನೆಯ ಪಾಠ ಕೇಳಿದ ದಿನವೇ ಕೆಟ್ಟುಹೋದ. ಯಾರು ಏನೇ ಹೇಳಲಿ, ಗಲ್ಲದ ಮೇಲೆ ಕೈಯಿಟ್ಟು, ನಿಧಾನಕ್ಕೆ ತಲೆಯಾಡಿಸಿ, “ಅದ್ರಿಂದ ನಿಮ್ಗೆ ಹೆಂಗನ್ಸುತ್ತೆ?” ಎನ್ನುವನು. ಸಾರಿಗೆ ಉಪ್ಪಿಲ್ಲ ಎಂದರೂ ಅದೇ ಪ್ರಶ್ನೆ. ಬೈದರೆ, “ನಾಳೆ ನಮ್ ಕೆಲ್ಸ ಇದೇ ಕಣ್ಲಾ” ಎನ್ನುವನು.

ಮಿಡಿಗೇಶಿಯಲ್ಲಿ ನಡೆದ ಕಾಲೇಜಿನ ಗ್ರಾಮ ಶಿಬಿರದಲ್ಲಿ, ಯುಗಾದಿಯಿಂದ ಪರಸ್ಪರ ಮಾತು ಬಿಟ್ಟಿದ್ದ ಅತ್ತೆ-ಸೊಸೆಯ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಇಬ್ಬರ ನಡುವೆ ಕೂತು ಅತ್ತೆಯನ್ನು ಕೇಳಿದ, ಸೊಸೆಯನ್ನು ಕೇಳಿದ, ಮತ್ತೆ ಅತ್ತೆಯನ್ನೇ ಕೇಳಿದ. ಅತ್ತೆ ಅವನನ್ನು ದಿಟ್ಟಿಸಿ ನೋಡಿ, ಸೊಸೆಯತ್ತ ತಿರುಗಿದಳು.

“ಲೇ, ಈ ಮಗ ಹಸ್ಕೊಂಡೈತೆ ಕಣೇ. ಅದ್ಕೇ ಕೇಳಿದ್ದೇ ಕೇಳ್ತೈತೆ. ಮುದ್ದೆ ಇಕ್ಕು.”

“ತಡೀರಿ ಅತ್ತೆ, ಸಾರು ಬಿಸಿ ಮಾಡ್ತೀನಿ,” ಎಂದಳು ಸೊಸೆ.

ಹೊರಬಂದ ಮೇಲೆ ನಾನೂ ಗಲ್ಲದ ಮೇಲೆ ಕೈಯಿಟ್ಟೆ. “ಹೆಂಗನ್ಸುತ್ತೆ?”

“ಮೂರು ಮುದ್ದೆ ಇಕ್ಬುಟ್ರು. ಏನೂ ಕೇಳ್ಬ್ಯಾಡ ಬುಡ್ಲಾ.”