ಕುಳಿಯ ದಾರಿಯಲ್ಲಿ ದುಪಟ್ಟಾ

ಕಳೆದ ವರ್ಷ ಈದ್ ರಜೆಯ ಎರಡನೇ ದಿನ, ನಾವಿರುವ ಕೊಲ್ಲಿ ದೇಶದ ದುಖಾನ್‌ನಿಂದ ಜ್ವಾಲಾಮುಖಿ ದ್ವೀಪವೊಂದಕ್ಕೆ ಹೋಗಿದ್ದ ನಮ್ಮ ಎರಡು ಕುಟುಂಬಗಳನ್ನು ಪಕ್ಕದ ಮನೆಯ ಯಜಮಾನರು ಕುಳಿಗೆ ನೂರು ಹೆಜ್ಜೆ ಇರುವಾಗ ತಡೆದು ನಿಲ್ಲಿಸಿದರು.

ಬಾಗಲಕೋಟೆ ಕಡೆಯವರು. ತೈಲ ಬಾವಿಗಳಲ್ಲಿ ವಿಷಾನಿಲ ಪರೀಕ್ಷಿಸುವುದು ಅವರ ಕೆಲಸ. ಅಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಗಾಳಿಯ ದಿಕ್ಕು ನೋಡಬೇಕು. ಮನೆಯ ಕಿಟಕಿ ತೆರೆಯುವಾಗಲೂ ಅವರು ಕೇಳುತ್ತಿದ್ದರು: “ಗಾಳಿ ಯಾ ಕಡಿಂದ ಐತಿ?”

ಕುಳಿಯಿಂದ ಅದೇ ವಾಸನೆ ಬರುತ್ತಿತ್ತು. ಉಳಿದ ಪ್ರವಾಸಿಗರು ಮೂಗು ಮುಚ್ಚಿಕೊಂಡು, ನಗುತ್ತ ಮೇಲೆ ಹೋದರು.

“ಹತ್ತು ವರ್ಷ ಬರೇ ಮರಳು ನೋಡೇನ್ರೀ. ಇಷ್ಟು ದೂರ ಬಂದು ಹಂಗ ಹೋಗೂದೇನು?” ಎಂದರು ಅವರ ಹೆಂಡತಿ.

“ಹಂಗ ಯಾಕ ಹೋಗೂದು? ನಿನ್ನ ದುಪಟ್ಟಾ ಕೊಡಿಲ್ಲೆ.”

ಅದನ್ನು ತಮ್ಮ ಕೈಯಲ್ಲಿದ್ದ ಊರುಗೋಲಿಗೆ ಕಟ್ಟಿ ನೆಟ್ಟು, ಕಲ್ಲಿನ ಮೇಲೆ ಕುಳಿತರು.

“ರಜಾದಾಗೂ ಡ್ಯೂಟಿನಽ ಏನ್ರೀ?” ಎಂದರು ಹೆಂಡತಿ.

ಮುಕ್ಕಾಲು ಗಂಟೆಯ ಮೇಲೆ ದುಪಟ್ಟಾ ನಮ್ಮ ಕಡೆ ಬಿಟ್ಟು ಕುಳಿಯ ಕಡೆಗೆ ಹಾರತೊಡಗಿತು.

“ಯಲ್ಲಾ, ನಡೀರಿ!” ಎಂದು ಕೋಲು ಕಿತ್ತುಕೊಂಡು ಅವರೇ ಮುಂದೆ ನಡೆದರು.

ಕುಳಿಯ ಅಂಚಿನಲ್ಲಿ ನಾನು ತೆಗೆದ ಫೋಟೊ ಈಗ ದುಖಾನ್‌ನ ಅವರ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಹೆಂಡತಿ ಕೆಳಗಿನ ಬೆಂಕಿ ನೋಡುತ್ತಿದ್ದಾರೆ. ಗಂಡ ಕೋಲಿನ ದುಪಟ್ಟಾ ನೋಡುತ್ತಿದ್ದಾರೆ.